ಬೀಗ ಹಾಕಿದ ಮಾಡೆಲ್ ನಮಗ್ಯಾಕ್ರಿ?

1/10

ಸ್ವೈಪ್ ಮಾಡೋ ಮೊದಲೇ ನನ್ನ ತೀರ್ಮಾನ ಹೇಳಿಬಿಡ್ತೀನಿ, ಕಾರಣ ಆಮೇಲೆ.

ಸರ್ಕ್ಯೂಟ್ ಬೋರ್ಡ್ ಮೇಲೆ ಒಂದು ಚಿಪ್‌ನಿಂದ ಇನ್ನೊಂದು ಚಿಪ್‌ಗೆ ಸಿಗ್ನಲ್ ಕೆಡದಂಗ ಹೋಗ್ತದೋ ಇಲ್ಲೋ ಅಂತ, ಬೋರ್ಡ್ ತಯಾರಾಗೋ ಮೊದಲೇ ಕಂಪ್ಯೂಟರ್‌ನಲ್ಲಿ ನೋಡಿಕೊಳ್ತಾರೆ. ಅದಕ್ಕೆ ಸಿಗ್ನಲ್ ಇಂಟೆಗ್ರಿಟಿ ಸಿಮ್ಯುಲೇಶನ್ ಅಂತಾರೆ. ಹಂಗ ನೋಡಬೇಕಂದ್ರೆ ಪ್ರತಿ ಚಿಪ್‌ನ ನಡತೆ ಹೇಳುವ ಒಂದು ಮಾಡೆಲ್ ಬೇಕು. ಆ ಮಾಡೆಲ್ ಬರೆಯುವ ಭಾಷೆಗಳು ನಾಲ್ಕೈದು ಅದಾವ.

ಯಾದಗಿರಿ, ಶಹಾಪುರ, ಸುರಪುರದಿಂದ ಎಲೆಕ್ಟ್ರಾನಿಕ್ಸ್ ಓದಲಿಕ್ಕೆ ಹೋಗುವ ಹುಡುಗ ಹುಡುಗಿಯರು ಮೊದಲು ಕಲಿಯಬೇಕಾದದ್ದು, ನಮ್ಮ ಕಡೆಯ ಕಾಲೇಜುಗಳು ಮೊದಲು ಕಲಿಸಬೇಕಾದದ್ದು, ತೆಗೆದು ಓದಲಿಕ್ಕೆ ಬರುವ ಭಾಷೆಗಳನ್ನ. ಅಂದ್ರೆ ಐಬಿಸ್ ಮತ್ತು ಬರ್ಕ್ಲಿ ಸ್ಪೈಸ್. ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುವ ಬೀಗ ಹಾಕಿದ ಮಾಡೆಲ್‌ಗಳು ಆಮೇಲೆ, ಕೆಲಸಕ್ಕೆ ಸೇರಿದ ಮೇಲೆ ಬರಲಿ.

"ಲೇ, ನೀ ಬಿಕಾಂನಾಕಿ, ನಿನಗ್ಯಾಕ ಇದೆಲ್ಲ?" ಅಂತ ಕಮೆಂಟ್ ಬರೋದು ಗ್ಯಾರಂಟಿ. ಉತ್ತರ ಸರಳ ಐತಿ. ಯಾವ ಕಂಪನಿ ತನ್ನ ಒಳಗಿನ ವಿಷಯ ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು, ಯಾವ ನಮೂನೆಯಲ್ಲಿ ಹೇಳಬೇಕು ಅನ್ನೋದೇ ಇಲ್ಲಿನ ಜಗಳ. ನಾವು ಕಾಮರ್ಸ್‌ನವರು ಮೂರು ವರ್ಷ ಓದೋದು ಬಹುಪಾಲು ಅದನ್ನೇ.

2/10

ನೀರಿನಿಂದ ಶುರು ಮಾಡೋಣ, ನಮಗೆ ಗೊತ್ತಿರೋ ವಿಷಯ ಅದು.

ನಾರಾಯಣಪುರ ಎಡದಂಡೆ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್. ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಸುಮಾರು 4,700 ಕೋಟಿ ರೂಪಾಯಿಯ ಅದರ ವಿಸ್ತರಣೆ, ನವೀಕರಣ, ಆಧುನೀಕರಣ ಯೋಜನೆಯನ್ನ ಪ್ರಧಾನಿ ಉದ್ಘಾಟಿಸಿದ್ದು 2023ರ ಜನವರಿ 19ರಂದು, ನಮ್ಮದೇ ಜಿಲ್ಲೆಯ ಕೊಡೇಕಲ್‌ನಲ್ಲಿ. ಗೇಟುಗಳನ್ನ ದೂರದಿಂದಲೇ ಎತ್ತಿ ಇಳಿಸುವ ಸ್ಕಾಡಾ ವ್ಯವಸ್ಥೆ ಈ ಕಾಲುವೆಗೆ ಬಂದದ್ದು ನಿಮಗೆಲ್ಲ ಗೊತ್ತೇ ಐತಿ.

ತುಂಬಿ ಹರಿಯುವ ಕಾಲುವೆಯಲ್ಲಿ ಒಂದು ಗೇಟನ್ನ ಗಕ್ಕನೆ ಇಳಿಸಿದ್ರೆ ಏನಾಗ್ತದೆ? ಬಂದ ನೀರಿಗೆ ಮುಂದೆ ದಾರಿ ಇಲ್ಲ. ಅಲ್ಲೇ ಏರ್ತದೆ, ಅಲೆಯಾಗಿ ಹಿಂದಕ್ಕೆ ತಿರುಗ್ತದೆ. ಮೇಲಿನ ಗೇಟಿಗೆ ಬಡಿದು ಮತ್ತೆ ಬರ್ತದೆ. ಅದಕ್ಕೇ ಗೇಟನ್ನ ನಿಧಾನ ಇಳಿಸೋದು.

ಬೋರ್ಡ್ ಮೇಲಿನ ತಾಮ್ರದ ಗೆರೆಯೂ ಒಂದು ಕಾಲುವೆ. ಅದರಲ್ಲಿ ಸಿಗ್ನಲ್ ಒಂದು ನ್ಯಾನೊ ಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಓಡ್ತದೆ. ಇದನ್ನ ಇಟ್ಟುಕೊಂಡು ಎಂಜಿನಿಯರುಗಳು ಒಂದು ಕೈಲೆಕ್ಕ ಮಾಡ್ಯಾರ. ಸಿಗ್ನಲ್ 1 ನ್ಯಾನೊ ಸೆಕೆಂಡಿನೊಳಗೆ ಸೊನ್ನೆಯಿಂದ ಮೇಲಕ್ಕೆ ಏರೋದಾದ್ರೆ, ಎರಡೂವರೆ ಸೆಂಟಿಮೀಟರ್‌ಗಿಂತ ಉದ್ದದ ಗೆರೆಯನ್ನ ಬರೀ ತಂತಿ ಅಂತ ತಿಳೀಬಾರದು, ಕಾಲುವೆ ಅಂತಲೇ ತಿಳೀಬೇಕು.

ಇನ್ನೊಂದು ಮಾತು. ಗೇಟನ್ನ ದಿನಕ್ಕೆ ಎಷ್ಟು ಸಲ ಇಳಿಸ್ತಾರೆ ಅನ್ನೋದರಿಂದ ಅಲೆ ಏಳೋದಿಲ್ಲ, ಒಂದು ಸಲಕ್ಕೆ ಎಷ್ಟು ಜೋರಾಗಿ ಇಳಿಸ್ತಾರೆ ಅನ್ನೋದರಿಂದ ಏಳ್ತದೆ. ಹಂಗೇ "ನಮ್ಮ ಬೋರ್ಡ್ ನಿಧಾನದ್ದು, ನಮಗಿದು ಬೇಡ" ಅನ್ನೋ ಹಂಗಿಲ್ಲ. ಬೋರ್ಡ್ ನಿಧಾನದ್ದೇ ಇರಬಹುದು, ಅದರ ಮೇಲೆ ಕೂತ ಹೊಸ ಚಿಪ್ ಗಕ್ಕನೆ ಗೇಟು ಇಳಿಸುವಂಥದ್ದು.

3/10

ಈಗ ಒಂದು ಲೆಕ್ಕ. ಪೆನ್ನು ಹಿಡೀರಿ, ಹತ್ತನೇ ಕ್ಲಾಸಿನ ಗಣಿತ ಸಾಕು.

ಒಂದು ಚಿಪ್ 3.3 ವೋಲ್ಟ್ ಕೊಡ್ತದೆ. ಅದರ ಒಳಗಿನ ರೋಧ 25 ಓಮ್. ತಾಮ್ರದ ಗೆರೆಯ ಇಂಪೀಡೆನ್ಸ್ 50 ಓಮ್. ಆ ತುದಿಯಲ್ಲಿ ಕೇಳಿಸಿಕೊಳ್ಳುವ ಚಿಪ್ ಕರೆಂಟ್ ಎಳೆಯೋದೇ ಇಲ್ಲ, ಅಂದ್ರೆ ಮುಚ್ಚಿದ ಗೇಟು.

ಗೆರೆಗೆ ಮೊದಲು ಇಳಿಯುವ ಅಲೆ: 3.3 ಗುಣಿಸು 50, ಭಾಗಿಸು 75. ಬಂತು 2.2 ವೋಲ್ಟ್. ಆ ತುದಿ ಮುಚ್ಚಿರೋದರಿಂದ ಅಲೆ ಪೂರ್ತಿ ವಾಪಸ್ ಹೊರಳ್ತದೆ, ಬಂದದ್ದೂ ಹೋಗೋದೂ ಸೇರಿ ತುದಿಯಲ್ಲಿ ದುಪ್ಪಟ್ಟು. 4.4 ವೋಲ್ಟ್! 3.3 ಇರಬೇಕಾದ ಕಡೆ 4.4. ಹಿಂದಕ್ಕೆ ಹೋದ ಅಲೆ ಮೊದಲ ಚಿಪ್‌ಗೆ ಬಡಿದು, ಮೂರನೇ ಒಂದು ಭಾಗದಷ್ಟು ತಲೆಕೆಳಗಾಗಿ ಮರಳ್ತದೆ. ತುದಿಯ ವೋಲ್ಟ್ ಈಗ 2.93ಕ್ಕೆ ಇಳೀತದೆ. ಹಿಂಗ ಮೇಲೆ ಕೆಳಗೆ ಜೀಕುತ್ತ ಜೀಕುತ್ತ 3.3ಕ್ಕೆ ಬಂದು ನಿಲ್ತದೆ. ಜೀಕೋದು ಜಾಸ್ತಿಯಾದ್ರೆ ಒಂದನ್ನ ಸೊನ್ನೆ ಅಂತ ಓದಿಕೊಂಡು ಚಿಪ್ ತಪ್ಪು ಮಾಡ್ತದೆ.

ಪರಿಹಾರ? ಹೊರಡುವ ಕಡೆ 25 ಓಮ್‌ನ ಒಂದು ರೆಸಿಸ್ಟರ್ ಹಾಕು. ಈಗ ಒಟ್ಟು 50ಕ್ಕೆ 50. ಮೊದಲ ಅಲೆ 1.65, ತುದಿಯಲ್ಲಿ ದುಪ್ಪಟ್ಟಾಗಿ ಸರಿಯಾಗಿ 3.3. ವಾಪಸ್ ಬಂದ ಅಲೆ ಅಲ್ಲೇ ಇಂಗಿ ಹೋಗ್ತದೆ. ಮುಗೀತು ಕಥೆ.

ಪೈಸೆ ಲೆಕ್ಕದ ರೆಸಿಸ್ಟರ್ ಅದು. ಮೊದಲೇ ಗೊತ್ತಾದ್ರೆ ಪೈಸೆ, ಬೋರ್ಡ್ ತಯಾರಾದ ಮೇಲೆ ಗೊತ್ತಾದ್ರೆ ಇಡೀ ಬೋರ್ಡ್ ಮತ್ತೆ ಮಾಡಿಸೋ ಖರ್ಚು. ಕಾಸ್ಟ್ ಅಕೌಂಟಿಂಗ್ ಓದಿದೋರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಚಿಪ್ ಒಳಗಿನ ರೋಧ 25 ಓಮ್ ಅಂತ ನಮಗೆ ಹೇಳಿದೋರು ಯಾರು? ಅದನ್ನ ಹೇಳೋದೇ ಮಾಡೆಲ್. ಭಾಷೆಯ ಪ್ರಶ್ನೆ ಇಲ್ಲಿಂದ ಶುರು.

4/10

ಮೊದಲನೇ ಭಾಷೆ ಸ್ಪೈಸ್. ಇದು ಎಲ್ಲರ ಹಿರಿಯಕ್ಕ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಅನ್ನೋ ವಿದ್ಯಾರ್ಥಿ, ಡೊನಾಲ್ಡ್ ಪೆಡರ್ಸನ್ ಅನ್ನೋ ಪ್ರೊಫೆಸರ್ ಕೈಕೆಳಗೆ ಬರೆದ ಪ್ರೋಗ್ರಾಂ. 1973ರಲ್ಲಿ ಹೊರಗೆ ಬಂತು. ಪೆಡರ್ಸನ್ ಮಾಡಿದ ದೊಡ್ಡ ಕೆಲಸ ಅಂದ್ರೆ ಅದನ್ನ ಮುಚ್ಚಿಡಲಿಲ್ಲ, ಕೇಳಿದೋರಿಗೆಲ್ಲ ಕೊಟ್ಟುಬಿಟ್ರು. ಇವತ್ತು ಪೇಟೆಯಲ್ಲಿರುವ ದುಬಾರಿ ಸಿಮ್ಯುಲೇಟರುಗಳ ವಂಶಾವಳಿ ಹಿಡಿದು ಹೋದ್ರೆ ಬಹಳಷ್ಟು ಅಲ್ಲಿಗೇ ಮುಟ್ಟತಾವ. 1980ರ ದಶಕದ ಕೊನೆಗೆ ಸಿ ಭಾಷೆಯಲ್ಲಿ ಹೊಸದಾಗಿ ಬರೆದ ಸ್ಪೈಸ್ 3 ಬಂತು. ಅದರ ಮೇಲೆ ಕಟ್ಟಿದ ಎನ್‌ಜಿಸ್ಪೈಸ್ ಇವತ್ತಿಗೂ ಪುಕ್ಕಟೆ ಸಿಗ್ತದೆ.

ಸ್ಪೈಸ್ ಬರೆಯೋದು ನಮ್ಮ ರೋಜ್‌ಮೇಳ ಬರೆದಂಗ. ಒಂದು ಸಾಲಿಗೆ ಒಂದು ಭಾಗ. ಇಂಥ ರೆಸಿಸ್ಟರ್, ಈ ಬಿಂದುವಿನಿಂದ ಆ ಬಿಂದುವಿಗೆ, ಇಷ್ಟು ಓಮ್. ಇಂಥ ಟ್ರಾನ್ಸಿಸ್ಟರ್, ಅದರ ಮೂರ್ನಾಲ್ಕು ಕಾಲು ಇಲ್ಲಿಲ್ಲಿ. ಕಾಲುವೆಯಂಥ ಗೆರೆಗೂ ಒಂದು ಸಾಲು ಐತಿ: ಇಂಪೀಡೆನ್ಸ್ ಇಷ್ಟು, ದಾಟಲು ಹಿಡಿಯೋ ಸಮಯ ಇಷ್ಟು. ಹಿಂದಿನ ಭಾಗದ ನನ್ನ ಲೆಕ್ಕವನ್ನ ನೀವು ಎನ್‌ಜಿಸ್ಪೈಸ್‌ನಲ್ಲಿ ಬೆರಳೆಣಿಕೆಯ ಸಾಲಿನಲ್ಲಿ ಬರೆದು, 4.4 ಬರ್ತದೋ ಇಲ್ಲೋ ಅಂತ ನೀವೇ ನೋಡಬಹುದು.

ತೊಂದರೆ ಎಲ್ಲಿ? ಚಿಪ್ ಮಾಡಿದ ಕಂಪನಿ ತನ್ನ ಚಿಪ್‌ನ ನಿಜವಾದ ಸ್ಪೈಸ್ ಮಾಡೆಲ್ ಕೊಟ್ರೆ ಒಳಗಿನ ಟ್ರಾನ್ಸಿಸ್ಟರ್ ಎಲ್ಲ ಬಯಲು. ಅದು ತನ್ನ ರೋಜ್‌ಮೇಳವನ್ನೇ ಎದುರಂಗಡಿಯವನ ಕೈಗೆ ಕೊಟ್ಟಂಗ. ಹಂಗಾಗಿ ಕಂಪನಿಗಳು ಬೀಗ ಹಾಕಿ ಕೊಡಲಿಕ್ಕೆ ಶುರು ಮಾಡಿದ್ವು. ಬೀಗದ ಕೈ ಸಿಮ್ಯುಲೇಟರ್ ಮಾಡಿದೋರ ಹತ್ತಿರ. ಒಂದು ಸಿಮ್ಯುಲೇಟರ್‌ಗೆ ಅಂತ ಬೀಗ ಹಾಕಿದ್ದು ಇನ್ನೊಂದರಲ್ಲಿ ತೆರೆಯೋದಿಲ್ಲ.

5/10

ಎರಡನೇ ಭಾಷೆ ಐಬಿಸ್. ಬೋನಾಳ ಕೆರೆಗೆ ಬರುವ ಕೊಕ್ಕು ಬಾಗಿದ ಐಬಿಸ್ ಹಕ್ಕಿ ಅಲ್ಲರಿ, ಹೆಸರು ಮಾತ್ರ ಒಂದೇ.

1990ರ ದಶಕದ ಆರಂಭದಲ್ಲಿ ಇಂಟೆಲ್‌ನವರಿಗೆ ಈ ತಲೆನೋವು ಬಂತು. ತಮ್ಮ ಚಿಪ್ ಬಳಸಿ ಬೋರ್ಡ್ ಮಾಡೋರಿಗೆ ಮಾಹಿತಿ ಕೊಡಬೇಕು, ಗುಟ್ಟು ಕೊಡಬಾರದು. ಆಗ ಹುಟ್ಟಿದ್ದು ಐಬಿಸ್. ಮೊದಲ ಆವೃತ್ತಿ 1993ರಲ್ಲಿ. ಬೇರೆ ಬೇರೆ ಕಂಪನಿಗಳು ಸೇರಿದ ಐಬಿಸ್ ಓಪನ್ ಫೋರಂ ಅನ್ನೋ ಕೂಟ ಅದನ್ನ ಬೆಳೆಸಿತು. 1995ರಲ್ಲಿ ಅದು ಅಮೆರಿಕದ ಅಧಿಕೃತ ಮಾನದಂಡವೂ ಆಯ್ತು.

ಇದರ ಉಪಾಯ ಬಹಳ ಸರಳ. ಚಿಪ್ ಒಳಗೆ ಏನೈತಿ ಅಂತ ಹೇಳೋದೇ ಬೇಡ, ಕಾಲಿನಲ್ಲಿ ಹೊರಗೆ ಹೆಂಗ ನಡಕೊಳ್ತದೆ ಅಂತ ಕೋಷ್ಟಕ ಕೊಡು. ಇಷ್ಟು ವೋಲ್ಟ್ ಇದ್ದಾಗ ಇಷ್ಟು ಕರೆಂಟ್. ಏರಲಿಕ್ಕೆ ಇಷ್ಟು ಸಮಯ, ಇಳಿಯಲಿಕ್ಕೆ ಇಷ್ಟು. ಪ್ಯಾಕೇಜಿನ ರೋಧ, ಇಂಡಕ್ಟೆನ್ಸ್, ಕೆಪಾಸಿಟೆನ್ಸ್ ಇಷ್ಟಿಷ್ಟು. ಕಾಲುವೆ ಗೇಟಿಗೂ ಹಿಂಗೇ ಅಲ್ಲೇನ್ರಿ? ಗೇಟು ಇಷ್ಟು ಅಡಿ ಎತ್ತಿದ್ರೆ ಇಷ್ಟು ಕ್ಯೂಸೆಕ್ ಅಂತ ಕೋಷ್ಟಕ ಇದ್ರೆ ನೀರು ಬಿಡೋನಿಗೆ ಸಾಕು. ಒಳಗಿನ ಮೋಟಾರು, ಹಲ್ಲುಗಾಲಿ ಅವನಿಗೆ ಬೇಕಿಲ್ಲ.

ಶಹಾಪುರಕ್ಕೆ ಬರೋರು ರಸ್ತೆಯಿಂದ ಬೆಟ್ಟ ನೋಡಿ "ಬುದ್ಧ ಮಲಗ್ಯಾನ" ಅಂತಾರೆ. ಹತ್ತಿರ ಹೋದ್ರೆ ಬುದ್ಧ ಇಲ್ಲ, ಬಂಡೆಗಳು ಅದಾವ. ರಸ್ತೆಯಿಂದ ಕಾಣೋ ಗೆರೆಯೂ ಸುಳ್ಳಲ್ಲ, ಬಂಡೆಯೂ ಸುಳ್ಳಲ್ಲ. ಐಬಿಸ್ ಅಂದ್ರೆ ಆ ಗೆರೆ, ಸ್ಪೈಸ್ ಅಂದ್ರೆ ಬಂಡೆಗಳ ಪಟ್ಟಿ. ಬೋರ್ಡ್ ಮಾಡೋನು ನಿಂತಿರೋದು ರಸ್ತೆಯಲ್ಲಿ.

ಐಬಿಸ್ ಕಡತ ಸಾದಾ ಅಕ್ಷರದ್ದು. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಓದಲಿಕ್ಕೆ ಬರ್ತದೆ. ಕಡತ ಸರಿ ಐತೋ ಇಲ್ಲೋ ಅಂತ ಪರೀಕ್ಷಿಸುವ ಪ್ರೋಗ್ರಾಂ ಕೂಡ ಆ ಕೂಟದವರೇ ಪುಕ್ಕಟೆ ಕೊಡ್ತಾರೆ.

6/10

ಕಾಮರ್ಸ್ ಗೆಳೆಯರೇ, ಈಗ ನಮ್ಮ ಸರದಿ.

ಕಂಪನಿ ತನ್ನ ರೋಜ್‌ಮೇಳ ಯಾರಿಗೂ ಕೊಡಲ್ಲ. ಆದರೆ ಬ್ಯಾಲೆನ್ಸ್ ಶೀಟ್ ಕೊಡಲೇಬೇಕು, ಅದೂ 2013ರ ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲ್ ಹೇಳಿದ ನಮೂನೆಯಲ್ಲಿ. 2011ರಿಂದ ದೊಡ್ಡ ಕಂಪನಿಗಳು ಅದನ್ನ ಎಕ್ಸ್‌ಬಿಆರ್‌ಎಲ್ ಅನ್ನೋ ಕಂಪ್ಯೂಟರ್ ಓದುವ ಭಾಷೆಯಲ್ಲೂ ಸರ್ಕಾರಕ್ಕೆ ಸಲ್ಲಿಸಬೇಕಾಯ್ತು. ಹಂಗಾಗೇ ಇವತ್ತು ಯಾವ ಸಾಫ್ಟ್‌ವೇರ್ ಬಳಸಿದ್ರೂ ಎರಡು ಕಂಪನಿಯ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಲಿಕ್ಕೆ ಬರ್ತದೆ. ಗುಟ್ಟು ಗುಟ್ಟಾಗೇ ಉಳೀತು, ಹೊರಗಿನವರಿಗೆ ಬೇಕಾದದ್ದು ಸಿಕ್ತು. ಐಬಿಸ್ ಮಾಡಿದ್ದೂ ಇದನ್ನೇ, ಅದಕ್ಕೂ 18 ವರ್ಷ ಮೊದಲು.

ಇನ್ನೊಂದು ನನಗೆ ಬಹಳ ಹಿಡಿಸಿದ ಸಂಗತಿ. ಐಬಿಸ್ ಕೋಷ್ಟಕದಲ್ಲಿ ಪ್ರತಿ ಅಂಕಿಗೂ ಮೂರು ಕಾಲಂ: ಸಾಮಾನ್ಯ, ಕನಿಷ್ಠ, ಗರಿಷ್ಠ. ನಮ್ಮ ಬಜೆಟಿಂಗ್ ಪಾಠದ ಸಾಧಾರಣ, ಕೆಟ್ಟ, ಒಳ್ಳೆಯ ಅಂದಾಜುಗಳಂಗ. ಇವತ್ತಿನ ಸಾಮಾನ್ಯ ಸಿಮಾಸ್ ಚಿಪ್‌ಗಳಲ್ಲಿ ಕನಿಷ್ಠ ಕಾಲಂ ಅಂದ್ರೆ ಚಿಪ್ ಸೊರಗಿದ ಸ್ಥಿತಿ, ವೋಲ್ಟ್ ಕಡಿಮೆ, ಸೆಖೆ ಜಾಸ್ತಿ. ಗರಿಷ್ಠ ಅಂದ್ರೆ ವೋಲ್ಟ್ ಜಾಸ್ತಿ, ಚಳಿ. ಸಿಗ್ನಲ್ ಅತಿ ಜೋರಾಗಿ ಏಳೋದು, ಅಲೆ ಹೆಚ್ಚು ಬಡಿಯೋದು ಗರಿಷ್ಠದಲ್ಲಿ. ತಡವಾಗೋದು ಕನಿಷ್ಠದಲ್ಲಿ. ಎರಡೂ ಕಡೆ ಪಾಸಾದ್ರೆ ಬೋರ್ಡ್ ಪಾಸು.

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಬಿಸಿಲಲ್ಲಿ ಕಾದ ಕಬ್ಬಿಣದ ಪೆಟ್ಟಿಗೆಯೊಳಗೆ ಕೂತ ಬೋರ್ಡಿಗೆ ಬರೀ ಸಾಮಾನ್ಯ ಕಾಲಂ ನೋಡಿ ಪಾಸ್ ಮಾಡಿದ್ರೆ ಹೆಂಗ? ಬೆಂಗಳೂರಿನ ಎಸಿ ರೂಮಿನಲ್ಲಿ ನಡೆದದ್ದು ಹುಣಸಗಿಯ ಬಿಸಿಲಲ್ಲೂ ನಡೀಬೇಕಲ್ಲ.

7/10

ಮೂರನೇ ಗುಂಪು: ವಿಎಚ್‌ಡಿಎಲ್-ಎಎಂಎಸ್ ಮತ್ತು ವೆರಿಲಾಗ್-ಎಎಂಎಸ್.

ಇವು ಸಮೀಕರಣ ಬರೆಯುವ ಭಾಷೆಗಳು. ಭಾಗಗಳ ಪಟ್ಟಿಯೂ ಬೇಡ, ಕೋಷ್ಟಕವೂ ಬೇಡ. ಕರೆಂಟ್ ಮತ್ತು ವೋಲ್ಟ್ ನಡುವಿನ ಸಂಬಂಧ ಇದು ಅಂತ ನೇರ ಗಣಿತದಲ್ಲೇ ಬರೆಯೋದು. ವಿಎಚ್‌ಡಿಎಲ್-ಎಎಂಎಸ್ 1999ರಲ್ಲಿ ಐಇಇಇ ಮಾನದಂಡ ಆಯ್ತು. ವೆರಿಲಾಗ್ ಕಡೆಯ ಅನಲಾಗ್ ಭಾಗ ವೆರಿಲಾಗ್-ಎ 1996ರಲ್ಲೇ ಬಂದಿತ್ತು. ಟ್ರಾನ್ಸಿಸ್ಟರುಗಳ ಗಣಿತದ ಮಾಡೆಲ್‌ಗಳನ್ನ ಜಗತ್ತಿನಲ್ಲಿ ಈಗ ಹೆಚ್ಚಾಗಿ ಬರೆಯೋದು ವೆರಿಲಾಗ್-ಎಯಲ್ಲೇ.

2004ರಲ್ಲಿ ಬಂದ ಐಬಿಸ್ 4.1 ಆವೃತ್ತಿ ಒಂದು ಒಳ್ಳೆ ಬಾಗಿಲು ತೆರೆಯಿತು. ಕೋಷ್ಟಕದಲ್ಲಿ ಹೇಳಲಿಕ್ಕೆ ಆಗದ ನಡತೆ ಇದ್ರೆ ಐಬಿಸ್ ಕಡತದ ಒಳಗಿಂದಲೇ ಸ್ಪೈಸ್, ವಿಎಚ್‌ಡಿಎಲ್-ಎಎಂಎಸ್ ಅಥವಾ ವೆರಿಲಾಗ್-ಎಎಂಎಸ್‌ನಲ್ಲಿ ಬರೆದದ್ದನ್ನ ಕರೆಯಬಹುದು ಅಂತ ಹೇಳಿತು. ಅಂದ್ರೆ ಬೇರೆ ಬೇರೆ ಭಾಷೆಯವರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದಂಗ. ಸುರಪುರದಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಒಂದೇ ಅಂಗಡಿ ಕಟ್ಟೆಯಲ್ಲಿ ನಡೀತಾವ. ನಮಗಿದು ಹೊಸದೇನಲ್ಲ.

ಮತ್ತೆ ಇವನ್ನೇ ಮೊದಲು ಯಾಕೆ ಕಲೀಬಾರದು? ಯಾಕಂದ್ರ ಸಮೀಕರಣ ಬರೀಬೇಕಂದ್ರೆ ಒಳಗಿನ ವಿಷಯ ಗಟ್ಟಿ ಗೊತ್ತಿರಬೇಕು. ಚಿಪ್ ಕಂಪನಿಗಳು ಬೋರ್ಡ್ ಮಾಡೋರಿಗೆ ಸಾಮಾನ್ಯವಾಗಿ ಈ ಭಾಷೆಯಲ್ಲಿ ಮಾಡೆಲ್ ಕೊಡೋದೂ ಇಲ್ಲ, ಕೊಡೋದು ಐಬಿಸ್. ಭಾಷೆ ಎಷ್ಟೇ ಚೆಂದ ಇರಲಿ, ಅದರಲ್ಲಿ ಪುಸ್ತಕಗಳೇ ಇಲ್ಲ ಅಂದ್ರೆ ಹೊಸಬರು ಓದೋದೇನು? ಇದನ್ನ ಎರಡನೇ ಮೆಟ್ಟಿಲಾಗಿ ಇಟ್ಟುಕೊಳ್ಳಿ. ಮುಂದೆ ಚಿಪ್ ವಿನ್ಯಾಸಕ್ಕೇ ಹೋಗೋರಿಗೆ ವೆರಿಲಾಗ್-ಎ ಕೈ ಹಿಡೀತದೆ.

8/10

ಈಗ ಎದುರಿನವರ ವಾದ. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ.

"ಐಬಿಸ್ ಹಳೇದು. ಸೆಕೆಂಡಿಗೆ ಹತ್ತಾರು ಗಿಗಾಬಿಟ್ ಓಡುವ ಲಿಂಕ್‌ಗಳಿಗೆ ಕೋಷ್ಟಕ ಸಾಲಲ್ಲ." ನಿಜ. ಅಷ್ಟು ವೇಗದಲ್ಲಿ ಸಿಗ್ನಲ್ ದಾರಿಯಲ್ಲೇ ಮಸುಕಾಗ್ತದೆ, ಚಿಪ್ ಒಳಗಿನ ಲೆಕ್ಕಾಚಾರ ಅದನ್ನ ತೊಳೆದು ಓದ್ತದೆ. ಆ ಲೆಕ್ಕಾಚಾರ ಹೇಳಲಿಕ್ಕೆ 2008ರ ಐಬಿಸ್ 5.0ಯಲ್ಲಿ ಎಎಂಐ ಅನ್ನೋ ಭಾಗ ಸೇರಿತು. ಅದರಲ್ಲಿ ಕಂಪನಿ ಕೊಡೋದು ಕೋಷ್ಟಕವಲ್ಲ, ಕಂಪೈಲ್ ಮಾಡಿದ ಪ್ರೋಗ್ರಾಂ. ಅದು ಓಡ್ತದೆ, ಆದರೆ ಓದಲಿಕ್ಕೆ ಬರಲ್ಲ. ಅಂದ್ರೆ ಐಬಿಸ್ ಹೆಸರಿನಲ್ಲೇ ಒಂದು ಬೀಗದ ಕೋಣೆ ಐತಿ. ಒಂದೇ ಸಮಾಧಾನ ಅಂದ್ರೆ, ಆ ಕೋಣೆಯ ಬಾಗಿಲು ಎಲ್ಲ ಸಿಮ್ಯುಲೇಟರುಗಳಿಗೂ ಒಂದೇ ಅಳತೆಯದು.

"ಹಲವು ಕಾಲುಗಳು ಒಮ್ಮೆಲೇ ಬದಲಾದಾಗ ವಿದ್ಯುತ್ ಪೂರೈಕೆಯೇ ಅಲುಗಾಡ್ತದೆ, ಹಳೆ ಐಬಿಸ್ ಅದನ್ನ ಸರಿಯಾಗಿ ತೋರಿಸಲ್ಲ." ಇದೂ ನಿಜ. 5.0ಯಲ್ಲಿ ಅದಕ್ಕೂ ಹೊಸ ಕೋಷ್ಟಕ ಸೇರಿಸಿದ್ರು. ಕಡತ ಮಾಡಿದೋರು ಅದನ್ನ ತುಂಬಿರಬೇಕು ಅಷ್ಟೇ.

ಇನ್ನು ಗೆರೆ, ಕನೆಕ್ಟರ್, ಕೇಬಲ್‌ಗಳಿಗೆ ಟಚ್‌ಸ್ಟೋನ್ ಅನ್ನೋ ಸಾದಾ ಅಕ್ಷರದ ಕಡತ ಐತಿ. ಯಾವ ಕಂಪನಾಂಕದಲ್ಲಿ ಎಷ್ಟು ಸಿಗ್ನಲ್ ದಾಟಿತು, ಎಷ್ಟು ವಾಪಸ್ ಬಂತು ಅಂತ ಸಾಲು ಸಾಲು ಅಂಕಿ. ಇದೂ ತೆರೆದ ಪುಸ್ತಕ. ನನ್ನ ಪಟ್ಟಿಯಲ್ಲಿ ಮೂರನೇ ಜಾಗ ಇದಕ್ಕೆ.

ಕೋಷ್ಟಕದ ತಾಕತ್ತೂ ಕಡಿಮೆಯಲ್ಲ. ಮೂರನೇ ಭಾಗದ ನನ್ನ 4.4 ವೋಲ್ಟ್ ನೆನಪೈತಲ್ಲ? ನಿಜವಾದ ಬಹುತೇಕ ಚಿಪ್‌ಗಳ ಒಳಗೆ ವೋಲ್ಟ್ ಮಿತಿ ಮೀರಿದಾಗ ಕರೆಂಟ್ ಬಸಿಯುವ ಕ್ಲಾಂಪ್ ಡಯೋಡ್ ಇರ್ತದೆ. ಅದು 4.4ಕ್ಕೆ ಹೋಗೋ ಮೊದಲೇ ತಡೆ ಹಾಕ್ತದೆ. ಬರೀ 25 ಓಮ್ ಅಂತ ಹಿಡಿದ ನನ್ನ ಲೆಕ್ಕಕ್ಕೆ ಅದು ಕಾಣಲ್ಲ. ಐಬಿಸ್‌ನ ಕ್ಲಾಂಪ್ ಕೋಷ್ಟಕದಲ್ಲಿ ಕಾಣ್ತದೆ.

9/10

ದುಡ್ಡಿನ ಮಾತಿಗೆ ಬರ್ತೀನಿ, ಅದಕ್ಕೇ ಇಷ್ಟೆಲ್ಲ ಬರೆದದ್ದು.

ನನ್ನ ಗೆಳತಿಯೊಬ್ಬಳು ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ. ಅವಳ ಲ್ಯಾಬಿನ ಸಿಮ್ಯುಲೇಟರ್ ಲೈಸೆನ್ಸ್ ಮುಗಿದು ಎರಡು ಸೆಮಿಸ್ಟರ್ ಆಯ್ತು. ಒಂದು ತರಬೇತಿ ಕೇಂದ್ರದವರು "ಈ ಕಂಪನಿ ಟೂಲ್ ಕಲಿ, ಪ್ಲೇಸ್‌ಮೆಂಟ್ ಪಕ್ಕಾ" ಅಂತಾರಂತೆ. ಫೀ ಕೊಡಬೇಕಂದ್ರೆ ಅವರ ಅವ್ವನ ಬಂಗಾರ ಅಡ ಇಡಬೇಕು. ಈ ಸಲ ಹತ್ತಿ ಬೆಳೆಯೂ ಕೈ ಕೊಟ್ಟೈತಿ. "ಇಡಬೇಕೇನು, ಹೇಳು" ಅಂತ ನನ್ನನ್ನ ಕೇಳಿದಳು.

ಬ್ಯಾಡ ಅಂದೆ. ಕಾರಣ ಇಲ್ಲಿ ಬಿಡಿಸಿ ಹೇಳ್ತೀನಿ. ಸೀಮೆನ್ಸ್‌ನ ಹೈಪರ್‌ಲಿಂಕ್ಸ್, ಕೇಡೆನ್ಸ್‌ನ ಸಿಗ್ರಿಟಿ, ಕೀಸೈಟ್‌ನ ಎಡಿಎಸ್, ಸಿನಾಪ್ಸಿಸ್‌ನ ಎಚ್‌ಸ್ಪೈಸ್, ಇವೆಲ್ಲ ಐಬಿಸ್ ಓದ್ತಾವ. ಐಬಿಸ್ ಗೊತ್ತಿದ್ದವಳಿಗೆ ಟೂಲ್ ಬದಲಾದ್ರೆ ಬಟನ್ ಮಾತ್ರ ಬದಲಾಗ್ತಾವ. ಬಟನ್ ಮಾತ್ರ ಕಲಿತವಳಿಗೆ ಟೂಲ್ ಬದಲಾದ್ರೆ ಎಲ್ಲ ಬದಲಾಗ್ತದೆ. ಟ್ಯಾಲಿ ಬಂದ ಮಾತ್ರಕ್ಕೆ ಜಮಾ ಖರ್ಚು ಬಂದಂಗಲ್ಲ ಅಂತ ನಮ್ಮ ಸರ್‌ಗಳು ಹೇಳೋದು ಇದನ್ನೇ.

ಕಲಿಯೋದಕ್ಕೆ ಖರ್ಚೂ ಬೇಕಿಲ್ಲ. ಬೋರ್ಡ್ ಬಿಡಿಸಲಿಕ್ಕೆ ಕೈಕ್ಯಾಡ್ ಪುಕ್ಕಟೆ. 2018ರ ಐದನೇ ಆವೃತ್ತಿಯಿಂದ ಅದರೊಳಗೇ ಎನ್‌ಜಿಸ್ಪೈಸ್ ಐತಿ. 2023ರ ಏಳನೇ ಆವೃತ್ತಿಯಿಂದ ಐಬಿಸ್ ಕಡತವನ್ನೂ ತೊಗೊಳ್ತದೆ. ಐಐಟಿ ಬಾಂಬೆಯ ಫಾಸಿ ತಂಡ ಇವನ್ನೆಲ್ಲ ಜೋಡಿಸಿ ಇಸಿಮ್ ಅಂತ ಮಾಡಿ ಹಂಚ್ತದೆ. ಅಲ್ಲಿನದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಪಾಠಗಳೂ ಅದಾವ. 1985ರಿಂದ ಬೆಂಗಳೂರಿನಲ್ಲಿರೋ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ತನ್ನ ಬಹಳಷ್ಟು ಚಿಪ್‌ಗಳ ಐಬಿಸ್ ಕಡತಗಳನ್ನ ವೆಬ್‌ಸೈಟ್‌ನಲ್ಲೇ ಇಟ್ಟೈತಿ.

ಕೆಲಸ? ಬೆಂಗಳೂರಿನ ಬಿಇಎಲ್, ಇಸ್ರೊ ಹೆಸರು ಎಲ್ಲರಿಗೂ ಗೊತ್ತು. ಮೈಸೂರಿನ ಕಡೆಯೂ ನೋಡ್ರಿ. ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ 1999ರಿಂದ ಬೋರ್ಡ್ ಮಾಡ್ತದೆ, ಮೈಸೂರಿನಲ್ಲೇ ಕೇನ್ಸ್ ಐತಿ. ನಮ್ಮ ಕಡೆ ಕಡೇಚೂರಿನಲ್ಲಿ ಕೈಗಾರಿಕಾ ಪ್ರದೇಶ ಆಗ್ಯದ, ಬೋರ್ಡ್ ವಿನ್ಯಾಸದ ಕೆಲಸ ಅಲ್ಲಿಗೆ ತಾನಾಗೇ ಬರಲ್ಲ. ಬಲ್ಲವರು ಊರಲ್ಲಿದ್ರೆ ಬಂದೀತು. ಮಾಡಲಿಕ್ಕೆ ಬೇಕಾದದ್ದು ಒಂದು ಲ್ಯಾಪ್‌ಟಾಪ್, ಕರೆಂಟ್, ತಲೆ.

371ಜೆ ನಮಗೆ ಸೀಟು ಕೊಡಿಸ್ತದೆ. ಲೈಸೆನ್ಸ್ ಕೊಡಿಸಲ್ಲ. ಲೈಸೆನ್ಸ್ ಬೇಡದ ಭಾಷೆ ಇರುವಾಗ ಅದನ್ನ ಮೊದಲು ಕಲಿಸದೇ ಇರೋದು ನಮ್ಮ ಕಡೆ ಹುಡುಗರಿಗೆ ಮಾಡೋ ಅನ್ಯಾಯ.

10/10

ಹಂಗಾದ್ರೆ ಮಾಡಬೇಕಾದದ್ದು ಏನು? ನನ್ನ ನಾಲ್ಕು ಮಾತು.

ಒಂದು, ಕಲಿಯೋರಿಗೆ. ಮೊದಲು ಎನ್‌ಜಿಸ್ಪೈಸ್‌ನಲ್ಲಿ ಅಲೆ ವಾಪಸ್ ಬರೋದನ್ನ ಕಣ್ಣಾರೆ ನೋಡ್ರಿ. ಆಮೇಲೆ ಒಂದು ಐಬಿಸ್ ಕಡತ ಇಳಿಸಿಕೊಂಡು ಸಾಲು ಸಾಲು ಓದ್ರಿ. ಅದಾದ ಮೇಲೆ ಟಚ್‌ಸ್ಟೋನ್. ವೆರಿಲಾಗ್-ಎ ನಂತರ. ಎಎಂಐ ಕೆಲಸ ಸಿಕ್ಕ ಮೇಲೆ.

ಎರಡು, ಪ್ರಾಜೆಕ್ಟ್ ಹುಡುಕೋರಿಗೆ. ಐಬಿಸ್ ಕೋಷ್ಟಕವನ್ನ ಕಂಪನಿಯೇ ಕೊಡಬೇಕಂತಿಲ್ಲ, ಅಳೆದೂ ಮಾಡಬಹುದು. ಲ್ಯಾಬಿನಲ್ಲಿ ಬಿದ್ದಿರೋ ಒಂದು ಹಳೆ ಲಾಜಿಕ್ ಚಿಪ್ ತೊಗೊಂಡು, ಕರೆಂಟ್ ಮಿತಿ ಇಟ್ಟ ಪವರ್ ಸಪ್ಲೈ ಮತ್ತು ಮೀಟರ್ ಹಿಡಿದು, ವೋಲ್ಟ್‌ಗೆ ಎಷ್ಟು ಕರೆಂಟ್ ಅಂತ ಬರೆದುಕೊಳ್ಳಿ. ಏರಿಳಿತದ ಸಮಯಕ್ಕೆ ಆಸಿಲೋಸ್ಕೋಪ್ ಸಾಕು. ಬೇರೆಯವರ ಪ್ರಾಜೆಕ್ಟ್ ರಿಪೋರ್ಟ್ ಜೆರಾಕ್ಸ್ ಮಾಡೋದಕ್ಕಿಂತ ಇದು ಎಷ್ಟೋ ಮೇಲು.

ಮೂರು, ಕಾಲೇಜಿನವರಿಗೆ. ದುಬಾರಿ ಟೂಲ್ ಕೊಳ್ಳಬೇಡಿ ಅಂತಲ್ಲ. ಕೊಳ್ಳೋ ಮೊದಲು, ಲೈಸೆನ್ಸ್ ಮುಗಿದ ಮರುದಿನವೂ ಲ್ಯಾಬ್ ನಡೀತದೇನು ಅಂತ ಕೇಳಿಕೊಳ್ಳಿ. ಸಿಲೆಬಸ್‌ನಲ್ಲಿ ಟೂಲಿನ ಹೆಸರು ಬರೆಯೋ ಬದಲು ಭಾಷೆಯ ಹೆಸರು ಬರೀರಿ.

ನಾಲ್ಕು, ಸರ್ಕಾರದ ದುಡ್ಡಿನಲ್ಲಿ ಎಲೆಕ್ಟ್ರಾನಿಕ್ಸ್ ಕೊಳ್ಳೋರಿಗೆ. ಗೇಟಿನ ಕಂಟ್ರೋಲರ್ ಆಗಲಿ, ಆಸ್ಪತ್ರೆ ಯಂತ್ರ ಆಗಲಿ, ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿ: ಬೋರ್ಡಿನ ನಕ್ಷೆ ಮತ್ತು ಮಾಡೆಲ್‌ಗಳು ತೆರೆದ ಮಾನದಂಡದ ಕಡತಗಳಲ್ಲಿ ಇರಬೇಕು, ಇಲಾಖೆಯ ಹತ್ತಿರ ಒಂದು ಪ್ರತಿ ಇರಬೇಕು. ಕಾಲುವೆ ಹತ್ತಾರು ವರ್ಷ ಬಾಳೋದು. ಚಿಪ್‌ಗಳು ಅಷ್ಟು ದಿನ ಪೇಟೆಯಲ್ಲಿ ಸಿಗಲ್ಲ. ಮುಂದೊಂದು ದಿನ ಬೇರೆ ಚಿಪ್ ಹಾಕಿ ಬೋರ್ಡ್ ಮತ್ತೆ ಮಾಡಿಸಬೇಕಾದಾಗ, ಹೊಸ ಚಿಪ್ ಹಳೇದಕ್ಕಿಂತ ಜೋರಾಗಿ ಗೇಟು ಇಳಿಸುವಂಥದ್ದೇ ಇರ್ತದೆ. ಆಗ ಲೆಕ್ಕ ಮತ್ತೆ ಹಾಕಬೇಕು. ಹಳೆ ಲೆಕ್ಕ ಬೀಗದೊಳಗೆ ಇದ್ರೆ, ಬೀಗದ ಕೈ ಇದ್ದ ಕಂಪನಿಯೇ ಮುಚ್ಚಿಹೋಗಿದ್ರೆ, ಯಾರ ಮನೆ ಬಾಗಿಲು ಬಡಿಯೋದು? ಆ ಹೊತ್ತಿಗೆ ನೀರು ನಿಲ್ಲೋದು ಕಾಲುವೆಯ ಕೊನೆ ಭಾಗದ ಹೊಲಕ್ಕೆ.

ಗುಟ್ಟು ಇಟ್ಟುಕೊಳ್ಳೋ ಹಕ್ಕು ಕಂಪನಿಗೆ ಐತಿ, ಅದನ್ನ ನಾನು ಅಲ್ಲಗಳೆಯಲ್ಲ. ಗುಟ್ಟು ಬಿಟ್ಟುಕೊಡದೇ ಬೇಕಾದಷ್ಟು ಹೇಳೋ ಭಾಷೆ 1993ರಿಂದಲೇ ಐತಿ ಅನ್ನೋದಷ್ಟೇ ನನ್ನ ವಾದ.

ಎಲೆಕ್ಟ್ರಾನಿಕ್ಸ್ ಓದೋ ಅಣ್ಣಂದಿರು, ಅಕ್ಕಂದಿರು ಒಪ್ಪದಿದ್ರೆ ಕಮೆಂಟ್‌ನಲ್ಲಿ ಬರೀರಿ, ಕಾರಣ ಸಮೇತ. ಮೂರನೇ ಭಾಗದ ಲೆಕ್ಕವನ್ನ ಗೆರೆಯ ಇಂಪೀಡೆನ್ಸ್ 75 ಓಮ್ ಹಿಡಿದು ಮಾಡಿ, ತುದಿಯಲ್ಲಿ ಮೊದಲು ಎಷ್ಟು ವೋಲ್ಟ್ ಬಂತು ಅಂತಲೂ ಹೇಳ್ರಿ. ಸರಿ ಉತ್ತರ ಪಿನ್ ಮಾಡ್ತೀನಿ.

#ಯಾದಗಿರಿ #ಶಹಾಪುರ #ಸುರಪುರ #ಕನ್ನಡದಲ್ಲಿತಂತ್ರಜ್ಞಾನ